ಗೋಡೆಯ ಬೂಷ್ಟು ಯಾರ ತಪ್ಪು?

ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಒಂದು ಹಳೇ ಚಾಳಿ ಇದೆ. ಎಲ್ಲಾದರೂ ಬಗ್ ಕಾಣಿಸಿಕೊಂಡರೆ ಮೊದಲು ಬರುವ ಉತ್ತರ "ಯೂಸರ್ ಸರಿಯಾಗಿ ಬಳಸಿಲ್ಲ" ಅಂತ. ಕೋಡ್ ಬರೆದವರ ಕಡೆ ಬೆರಳು ತಿರುಗೋಕೆ ಇನ್ನೂ ಹತ್ತು ಮೇಲ್ ಓಡಾಡಬೇಕು. ಬ್ರಿಟನ್ನಿನ ಬಾಡಿಗೆ ಮನೆಗಳ ಬೂಷ್ಟಿನ ಇತಿಹಾಸ ಓದುತ್ತಾ ಹೋದರೆ ಅಲ್ಲೂ ಇದೇ ಕಥೆ. ಆದರೆ ಅಲ್ಲಿ ಕೆಟ್ಟದ್ದು ಪ್ರೋಗ್ರಾಂ ಅಲ್ಲ, ಮನುಷ್ಯರ ಆರೋಗ್ಯ.

ಬೂಷ್ಟು, ಬೂಜು, ಬೂಸರು... ಊರಿಗೊಂದು ಹೆಸರು. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟಿನ ಮೇಲೆ ಬೂಷ್ಟು ಹಿಡಿಯೋದು ಮಲೆನಾಡಿನವರಿಗೆ ಹೊಸದೇನಲ್ಲ, ಬಿಸಿಲು ಬಂದಾಗ ಒಣಗಿಸಿ ಒರೆಸಿದರೆ ಆಯ್ತು. ವರ್ಷಗಟ್ಟಲೆ ಮಲಗುವ ಕೋಣೆಯ ಗೋಡೆಯನ್ನೇ ಅದು ತಿನ್ನುತ್ತಿದ್ದರೆ ಮಾತ್ರ ವಿಷಯ ಬೇರೆ. ಬೂಷ್ಟು ಒಂದು ಶಿಲೀಂಧ್ರ. ಅದರ ಸೂಕ್ಷ್ಮ ಕಣಗಳು ಗಾಳಿಯಲ್ಲಿ ಎಲ್ಲೆಡೆ ಇರುತ್ತವೆ, ಬೆಳೆಯೋಕೆ ಬೇಕಾದದ್ದು ತೇವ ಮಾತ್ರ. ಸೋರುವ ಪೈಪು ಇರಬಹುದು, ನೆಲದಿಂದ ಏರುವ ನೀರಿರಬಹುದು, ತಣ್ಣನೆ ಗೋಡೆಗೆ ಒಳಗಿನ ಬಿಸಿ ಗಾಳಿ ತಾಗಿ ಇಬ್ಬನಿಯಂತೆ ಕೂರುವ ನೀರಿರಬಹುದು.

ಮನೆಯ ಗೋಡೆಯ ಕಾಯಿಲೆ ಬಗ್ಗೆ ತೀರಾ ಹಳೆಯ ನಿಯಮವೊಂದು ಬೈಬಲ್ಲಿನ ಯಾಜಕಕಾಂಡದ 14ನೇ ಅಧ್ಯಾಯದಲ್ಲಿದೆ. ಗೋಡೆಯಲ್ಲಿ ಹಸಿರು ಅಥವಾ ಕೆಂಪು ಕಲೆ ಕಂಡರೆ ಯಾಜಕ ಬಂದು ನೋಡಬೇಕು, ಏಳು ದಿನ ಮನೆ ಮುಚ್ಚಬೇಕು. ಕಲೆ ಹರಡಿದ್ದರೆ ಆ ಕಲ್ಲುಗಳನ್ನು ಕಿತ್ತು, ಗಾರೆ ಕೆರೆದು ಊರಾಚೆ ಹಾಕಬೇಕು. ಮತ್ತೆ ಬಂದರೆ ಮನೆಯನ್ನೇ ಕೆಡವಬೇಕು. ಅದು ನಾವು ಇಂದು ಹೇಳುವ ಬೂಷ್ಟೇನಾ ಅನ್ನೋ ಚರ್ಚೆ ಬಿಡಿ. ನನಗೆ ಹಿಡಿಸಿದ್ದು ಒಂದೇ ಅಂಶ: ಕೆಟ್ಟ ಕಲ್ಲನ್ನು ಹಾಗೇ ಬಿಟ್ಟು ಮೇಲೆ ಬಣ್ಣ ಬಳಿ ಅಂತ ಅಲ್ಲಿ ಹೇಳಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಈಗ 1970ರ ದಶಕದ ಗ್ಲಾಸ್ಗೋ ನಗರಕ್ಕೆ ಬರೋಣ. ಅಲ್ಲಿನ ಗೋರ್ಬಲ್ಸ್ ಪ್ರದೇಶದಲ್ಲಿ ಹಳೇ ಕೊಳೆಗೇರಿ ಕೆಡವಿ, ಫ್ರಾನ್ಸಿನ ಪದ್ಧತಿಯಲ್ಲಿ ಕಾಂಕ್ರೀಟ್ ಹಲಗೆ ಜೋಡಿಸಿ ಹಚ್‌ಸನ್‌ಟೌನ್ ಇ ಎಂಬ ಬಡಾವಣೆ ಕಟ್ಟಿದರು. ಜನ ಬಂದು ಸೇರಿದ ಸ್ವಲ್ಪ ದಿನಕ್ಕೇ ಗೋಡೆ ಕಪ್ಪಾಯಿತು, ಬಟ್ಟೆಬರೆ ಹಾಳಾಯಿತು. ನಗರಸಭೆಯ ಉತ್ತರ ಏನು ಗೊತ್ತೇ? ಇದು ನಿಮ್ಮ ಉಸಿರು, ನಿಮ್ಮ ಅಡುಗೆ, ನಿಮ್ಮ ಬಟ್ಟೆ ಒಣಹಾಕೋ ರೀತಿಯಿಂದ ಆಗಿರೋದು, ಕಿಟಕಿ ತೆರೆಯಿರಿ, ಹೀಟರ್ ಹಾಕಿ! ಉಸಿರಾಡೋದೂ ತಪ್ಪಾಯಿತು ನೋಡಿ. ಬಾಡಿಗೆದಾರರು 1975ರಲ್ಲಿ ಸಂಘ ಕಟ್ಟಿ ಹೋರಾಟಕ್ಕಿಳಿದರು. ಆ ಕಟ್ಟಡಗಳಿಗೆ 'ಡ್ಯಾಂಪೀಸ್' ಅನ್ನೋ ಅಡ್ಡಹೆಸರೇ ಬಿತ್ತು. ಕೊನೆಗೆ ಮನೆಗಳು ಖಾಲಿಯಾಗಿ, 1987ರಲ್ಲಿ ಅವನ್ನು ಕೆಡವಿದರು. ಕಟ್ಟಿ ಇಪ್ಪತ್ತು ವರ್ಷವೂ ಆಗಿರಲಿಲ್ಲ.

"ಬಡವರು, ಬೀಡಿ ಸಿಗರೇಟು ಸೇದ್ತಾರೆ, ಅದಕ್ಕೇ ಕಾಯಿಲೆ" ಅನ್ನೋ ವಾದ ಮಾತ್ರ ಉಳಿದೇ ಇತ್ತು. ಅದಕ್ಕೆ ಸರಿಯಾದ ಉತ್ತರ ಬಂದದ್ದು 1989ರಲ್ಲಿ, ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ. ಸ್ಟೀಫನ್ ಪ್ಲಾಟ್ ಮತ್ತು ಜೊತೆಗಾರರು ಗ್ಲಾಸ್ಗೋ, ಎಡಿನ್‌ಬರ್ಗ್, ಲಂಡನ್‌ಗಳಲ್ಲಿ ಮಕ್ಕಳಿರುವ 597 ಮನೆಗಳನ್ನು ಅಧ್ಯಯನ ಮಾಡಿದ್ದರು. ಅದರ ಡಿಸೈನ್ ಸೊಗಸಾಗಿದೆ. ಆರೋಗ್ಯ ವಿಚಾರಿಸಿದವರೇ ಬೇರೆ, ಗೋಡೆ ಪರೀಕ್ಷಿಸಿದವರೇ ಬೇರೆ. ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ತೇವ, ಬೂಷ್ಟು ಇದ್ದ ಮನೆಗಳ ಮಕ್ಕಳಲ್ಲಿ ಉಬ್ಬಸ, ಗಂಟಲು ನೋವು, ಕೆಮ್ಮು, ತಲೆನೋವು, ಜ್ವರ ಹೆಚ್ಚಿತ್ತು. ದೊಡ್ಡವರಲ್ಲಿ ಮೂಗು ಕಟ್ಟುವುದು, ಏದುಸಿರು, ವಾಕರಿಕೆಯ ಜೊತೆಗೆ 'ಬ್ಯಾಡ್ ನರ್ವ್ಸ್', ಅಂದರೆ ಮನಸ್ಸಿನ ತಳಮಳ. ಬೂಷ್ಟು ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಧೂಮಪಾನ, ಬಡತನದ ಲೆಕ್ಕ ತೆಗೆದರೂ ಸಂಬಂಧ ಹಾಗೇ ಉಳಿಯಿತು.

ಮನಸ್ಸಿನ ಮಾತು ಬಂತಲ್ಲ, ಇನ್ನೊಂದು ವಿಷಯ. 2007ರಲ್ಲಿ ಎಡ್ಮಂಡ್ ಶೆನಾಸ್ಸಾ ಮತ್ತು ಸಂಗಡಿಗರು ಯುರೋಪಿನ 8 ನಗರಗಳ ಸುಮಾರು 6000 ವಯಸ್ಕರ ಮಾಹಿತಿ ಜಾಲಾಡಿದರು. ತೇವ, ಬೂಷ್ಟಿನ ಮನೆಗಳಲ್ಲಿದ್ದವರಲ್ಲಿ ಖಿನ್ನತೆ ಹೆಚ್ಚು ಕಂಡಿತು. ಕಾರಣದ ಒಂದು ಪಾಲು ದೇಹದ ಕಾಯಿಲೆ, ಇನ್ನೊಂದು ಪಾಲು "ನನ್ನ ಮನೆ ನನ್ನ ಹಿಡಿತದಲ್ಲಿಲ್ಲ" ಅನ್ನೋ ಭಾವನೆ. ಎಷ್ಟು ಉಜ್ಜಿದರೂ ವಾಪಸ್ ಬರೋ ಕಪ್ಪು ಕಲೆ, ಎಷ್ಟು ದೂರು ಕೊಟ್ಟರೂ ಬಾರದ ಜನ. ಮನಸ್ಸು ಕುಗ್ಗದೆ ಇನ್ನೇನಾದೀತು?

ಹಾಗಂತ ಗಾಬರಿಯೂ ಬೇಡ. 1990ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಕೂಸುಗಳ ಶ್ವಾಸಕೋಶದಲ್ಲಿ ರಕ್ತಸ್ರಾವವಾದಾಗ ಸ್ಟ್ಯಾಕಿಬಾಟ್ರಿಸ್ ಎಂಬ ಕಪ್ಪು ಬೂಷ್ಟೇ ಕಾರಣ ಅಂದಿದ್ದರು. 2000ದಲ್ಲಿ ಅಲ್ಲಿನ ಸಿಡಿಸಿ ಸಂಸ್ಥೆಯೇ ಮರುಪರಿಶೀಲಿಸಿ, ಆ ಸಂಬಂಧ ಸಾಬೀತಾಗಿಲ್ಲ ಅಂತ ಹೇಳಿತು. ಆದರೆ ತೇವದ ಮನೆಗೂ ಅಸ್ತಮಾ, ಉಸಿರಾಟದ ತೊಂದರೆಗೂ ನಂಟಿದೆ ಅನ್ನೋದಕ್ಕೆ ಸಾಕಷ್ಟು ಪುರಾವೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಬರೆಯಿತು.

ಇಷ್ಟೆಲ್ಲ ಗೊತ್ತಿದ್ದೂ 2020ರ ಡಿಸೆಂಬರ್ 21ರಂದು ಮ್ಯಾಂಚೆಸ್ಟರ್ ಬಳಿಯ ರಾಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ ಮಗು ತೀರಿಕೊಂಡಿತು. ಎರಡು ವರ್ಷ ತುಂಬಿ ಎಂಟು ದಿನವಾಗಿತ್ತು ಅಷ್ಟೇ. ಸುಡಾನಿನಿಂದ ಬಂದಿದ್ದ ಕುಟುಂಬ. ಮಗು ಹುಟ್ಟುವ ಮೊದಲೇ, 2017ರಲ್ಲಿ, ತಂದೆ ಬೂಷ್ಟಿನ ಬಗ್ಗೆ ಹೇಳಿದ್ದರು. ಸಿಕ್ಕಿದ ಸಲಹೆ: ಮೇಲೆ ಪೇಂಟ್ ಹೊಡೀರಿ! ಮನೆಯ ಬೂಷ್ಟಿಗೆ ದೀರ್ಘಕಾಲ ಒಡ್ಡಿಕೊಂಡದ್ದರಿಂದ ಉಸಿರಾಟದ ತೀವ್ರ ತೊಂದರೆಯಾಗಿ ಮಗು ಸತ್ತಿತೆಂದು 2022ರ ನವೆಂಬರ್‌ನಲ್ಲಿ ಕಾರೋನರ್ ಜೊಆನ್ ಕೀರ್ಸ್ಲಿ ತೀರ್ಮಾನಿಸಿದರು. ಆ ಕುಟುಂಬದ ಜೀವನಶೈಲಿಯ ಬಗ್ಗೆ, ಸ್ನಾನ ಮಾಡೋ ರೀತಿಯ ಬಗ್ಗೆ ಕೂಡ, ತಾವು ಸುಮ್ಮನೆ ಊಹೆ ಮಾಡಿಕೊಂಡಿದ್ದೆವು ಅಂತ ವಸತಿ ಸಂಸ್ಥೆ ಆಮೇಲೆ ಒಪ್ಪಿಕೊಂಡಿತು. ಗೋರ್ಬಲ್ಸ್‌ನಲ್ಲಿ ಉಸಿರು, ಇಲ್ಲಿ ಸ್ನಾನ. ನಡುವೆ ನಲವತ್ತೈದು ವರ್ಷ.

ಆ ಮಗುವಿನ ಹೆಸರಲ್ಲೇ ಈಗ 'ಅವಾಬ್‌ನ ಕಾನೂನು' ಇದೆ. 2023ರ ಕಾಯ್ದೆಯ ಭಾಗವಾಗಿ ಬಂದ ಅದರ ನಿಯಮಗಳು ಇಂಗ್ಲೆಂಡಿನ ಸಾರ್ವಜನಿಕ ವಸತಿ ಮನೆಗಳಿಗೆ ಜಾರಿಯಾದದ್ದು 2025ರ ಅಕ್ಟೋಬರ್ 27ರಂದು. ತುರ್ತು ಅಪಾಯವಾದರೆ 24 ಗಂಟೆಯಲ್ಲಿ ಸರಿಪಡಿಸಬೇಕು. ಗಂಭೀರ ತೇವ, ಬೂಷ್ಟಾದರೆ 10 ಕೆಲಸದ ದಿನಗಳಲ್ಲಿ ಬಂದು ಪರೀಕ್ಷಿಸಬೇಕು, ಅಪಾಯ ಕಂಡರೆ ಮುಂದಿನ 5 ಕೆಲಸದ ದಿನಗಳಲ್ಲಿ ಮನೆ ಸುರಕ್ಷಿತ ಮಾಡಬೇಕು. ನನಗೆ ಇದರಲ್ಲಿ ಮುಖ್ಯ ಅನ್ನಿಸಿದ್ದು ಗಡುವಿಗಿಂತ ಅದು ಕೇಳುವ ಪ್ರಶ್ನೆಯ ಕ್ರಮ. ಮೊದಲು ಗೋಡೆ ನೋಡು, ಆಮೇಲೆ ಮನುಷ್ಯರ ಬಗ್ಗೆ ಮಾತಾಡು ಅಂತ.

ಕಿಟಕಿ ತೆರೆಯೋದು ಒಳ್ಳೇದೇ, ಬೇಡ ಅಂದವರು ಯಾರು? ಬಾಡಿಗೆ ಮನೆಯ ಗೋಡೆ ಕಪ್ಪಾದಾಗ ಮಾಲೀಕರು "ಕಿಟಕಿ ತೆರೆದಿಡ್ರೀ" ಅಂದರೆ ತೆರೆದಿಡಿ. ಜೊತೆಗೆ "ನೀರು ಎಲ್ಲಿಂದ ಬರ್ತಿದೆ ಅಂತ ಒಂದ್ಸಲ ಬಂದು ನೋಡಿ ಸಾರ್" ಅಂತಾನೂ ಕೇಳಿ.