ನಮ್ಮ ನಾಡಿನ ಸಿದ್ದಿಗಳು: ನಾವು ಓದದೆ ಬಿಟ್ಟ ಚರಿತ್ರೆ



ಮೊದಲಿಗೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಂಡು ಶುರು ಮಾಡುತ್ತೇವೆ. ಹೋದ ತಿಂಗಳು ಭಾನುವಾರದ ಪೂಜೆ ಮುಗಿಸಿ ಭೈರವಾನಿತಿಪ್ಪ ಡ್ಯಾಮಿನ ಹತ್ತಿರ ನಾವೆಲ್ಲ ಕೂತಿದ್ದೆವು. ನಮ್ಮಲ್ಲೊಬ್ಬ ಇನ್ನೊಬ್ಬನ ಬಣ್ಣ ನೋಡಿ "ಏನಲೇ ಆಫ್ರಿಕಾ, ಇಲ್ಲಿಗ್ಯಾವಾಗ ಬಂದೆ?" ಅಂದ. ಎಲ್ಲರೂ ನಕ್ಕೆವು. ಕೂಗಿಸಿಕೊಂಡವನೂ ನಕ್ಕ, ಆದರೆ ಆಮೇಲೆ ಹೆಚ್ಚು ಮಾತಾಡಲಿಲ್ಲ. ಪಕ್ಕದಲ್ಲಿದ್ದ ಉಪದೇಶಿ ಅಜ್ಜ ಬೈಯಲಿಲ್ಲ. "ಆಫ್ರಿಕಾದೋರು ನಮ್ಮ ನಾಡಾಗೇ ಅದಾರಪ್ಪ. ನಮ್ಮಂಗೇ ಪೂಜೆಗೆ ಹೋಗ್ತಾರೆ. ಗೊತ್ತೇನು ನಿಮಗೆ?" ಎಂದಷ್ಟೇ ಕೇಳಿದರು. ನಮ್ಮಲ್ಲಿ ಡಿಗ್ರಿ ಮಾಡಿದವರು ನಾಲ್ಕು ಜನ ಇದ್ದೆವು. ಒಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಂದಿನಿಂದ ಹುಡುಕಿ ಓದಿದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳುತ್ತಿದ್ದೇವೆ.

ಅಮೆರಿಕದಲ್ಲಿ ಫೆಬ್ರವರಿ ತಿಂಗಳನ್ನು ಕಪ್ಪು ಜನರ ಚರಿತ್ರೆಯ ತಿಂಗಳೆಂದು ಆಚರಿಸುತ್ತಾರೆ. ಗುಲಾಮರಾಗಿದ್ದ ತಂದೆತಾಯಿಯ ಮಗ ಕಾರ್ಟರ್ ವುಡ್ಸನ್ 1926ರಲ್ಲಿ ಇದನ್ನು ಒಂದು ವಾರದ ಆಚರಣೆಯಾಗಿ ಆರಂಭಿಸಿದರು. 1976ರಿಂದ ಅದು ಇಡೀ ತಿಂಗಳಾಯಿತು. ತಮ್ಮ ಜನ ದೇಶಕ್ಕೆ ಕೊಟ್ಟದ್ದು ಪಠ್ಯಪುಸ್ತಕದಲ್ಲಿ ಇಲ್ಲದಿದ್ದರೆ, ಮುಂದಿನ ಪೀಳಿಗೆಗೆ ಅವರು ಏನೂ ಕೊಟ್ಟಿಲ್ಲ ಅಂತಲೇ ಅನಿಸುತ್ತದೆ ಎಂಬುದು ಅವರ ಚಿಂತೆಯಾಗಿತ್ತು. ಕನ್ನಡ ನಾಡಿನ ಆಫ್ರಿಕನ್ ಮೂಲದ ಜನರಾದ ಸಿದ್ದಿಗಳ ವಿಷಯದಲ್ಲಿ ನಮಗೆ ಆದದ್ದೂ ಅದೇ.

ಹತ್ತಿರದಿಂದಲೇ ಶುರು ಮಾಡೋಣ. ರಾಯದುರ್ಗದಿಂದ ಬಳ್ಳಾರಿ ದಾಟಿ ಹೋದರೆ ಆದೋನಿ ಸಿಗುತ್ತದೆ. ಸಂತೆಗೋ ಮದುವೆಗೋ ನಮ್ಮಲ್ಲಿ ಬಹಳ ಜನ ಹೋಗಿ ಬಂದಿದ್ದೇವೆ. ಅಲ್ಲಿನ ದೊಡ್ಡ ಜಾಮಿಯಾ ಮಸೀದಿ ಕಟ್ಟಿಸಿದವನು ಸಿದ್ದಿ ಮಸೂದ್ ಖಾನ್. ಆಫ್ರಿಕಾದ ಹಬ್ಶಿ ಮೂಲದವನು, ಬಿಜಾಪುರದ ಆದಿಲ್‌ಶಾಹಿಗಳ ಕೈಕೆಳಗೆ ಆದೋನಿಯನ್ನು ಆಳಿದವನು. ಬಾಲಕ ಸುಲ್ತಾನ ಸಿಕಂದರನ ಪರವಾಗಿ 1678ರಿಂದ 1683ರವರೆಗೆ ಇಡೀ ಬಿಜಾಪುರದ ಆಡಳಿತ ಅವನ ಕೈಯಲ್ಲಿತ್ತು. ಅವನಿಗಿಂತ ಮುಂಚೆ ಅಹ್ಮದ್‌ನಗರದಲ್ಲಿ ಮಲಿಕ್ ಅಂಬರ್ ಇದ್ದ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ ದಖ್ಖನಿಗೆ ಬಂದವನು, 1626ರಲ್ಲಿ ಸಾಯುವವರೆಗೆ ಮೊಘಲರ ಸೈನ್ಯವನ್ನು ತಡೆದು ನಿಲ್ಲಿಸಿದ. ಮುಂದೆ ಔರಂಗಾಬಾದ್ ಎಂದು ಹೆಸರಾದ ನಗರವನ್ನು ಖಡ್ಕಿ ಎಂಬ ಹೆಸರಿನಲ್ಲಿ ಕಟ್ಟಿದವನೂ ಅವನೇ.

ಇವರು ಅಧಿಕಾರಕ್ಕೆ ಏರಿದ ಕೆಲವರು. ಉಳಿದ ಸಾವಿರಾರು ಜನರ ಕಥೆ ಬೇರೆ. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಹಡಗುಗಳಲ್ಲಿ ಆಫ್ರಿಕನ್ನರನ್ನು ಗೋವೆಗೆ ತಂದು ಮಾರುತ್ತಿದ್ದರು. ಹಿಂಸೆ ತಾಳದೆ ಎಷ್ಟೋ ಜನ ಘಟ್ಟದ ಕಾಡುಗಳಿಗೆ ಓಡಿಬಂದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ ಕಡೆಯ ಸಿದ್ದಿಗಳಲ್ಲಿ ಬಹಳಷ್ಟು ಜನ ಅವರ ಸಂತತಿ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ, ಆದರೆ "ನಾವು ಸಿದ್ದಿಗಳು" ಎಂಬ ಮಾತು ಮೂವರಿಗೂ ಒಂದೇ.

ಇಲ್ಲಿ ನಮಗೆ ನುಂಗಲಾರದ ಒಂದು ಸಂಗತಿ ಇದೆ. ಗೋವೆಯಲ್ಲಿ ಅವರನ್ನು ಕೊಂಡವರು ಜ್ಞಾನಸ್ನಾನ ಪಡೆದ ಕ್ರೈಸ್ತರು. ಅಲ್ಲಿನ ಮಠಗಳಲ್ಲೂ ಗುಲಾಮರಿದ್ದರು. ಒಂದು ಕೈಯಲ್ಲಿ ಜ್ಞಾನಸ್ನಾನದ ನೀರು, ಇನ್ನೊಂದು ಕೈಯಲ್ಲಿ ಸರಪಳಿ. ಪೋರ್ಚುಗಲ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದೆಂದು ಸಾರಿದ್ದು 1869ರಲ್ಲಿ. ಸಂತ ಎರಡನೇ ಜಾನ್ ಪಾಲ್ ಜಗದ್ಗುರುಗಳು 1992ರ ಫೆಬ್ರವರಿಯಲ್ಲಿ ಸೆನೆಗಲ್ ದೇಶದ ಗೋರೆ ದ್ವೀಪಕ್ಕೆ, ಗುಲಾಮರನ್ನು ಹಡಗು ಹತ್ತಿಸುತ್ತಿದ್ದ ಜಾಗಕ್ಕೆ ಹೋಗಿ, ಈ ಪಾಪಕ್ಕಾಗಿ ದೇವರ ಕ್ಷಮೆ ಬೇಡಿದರು. ಧರ್ಮಸಭೆಯ ಹಿರಿಯರೇ ಒಪ್ಪಿಕೊಂಡದ್ದನ್ನು ಯುವಜನರಾದ ನಾವು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಹಾಗಿದ್ದೂ ಈ ಜನ ನಾಡಿಗೆ ಕೊಟ್ಟದ್ದು ಕಡಿಮೆಯಲ್ಲ. ಸಂಗೊಳ್ಳಿ ರಾಯಣ್ಣನ ಸಂಗಡಿಗರಲ್ಲಿ ಸಿದ್ದಿ ವೀರ ಗಜವೀರನ ಹೆಸರನ್ನು ಕಿತ್ತೂರು ಸೀಮೆಯ ಜನ ಇಂದಿಗೂ ನೆನೆಯುತ್ತಾರೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಾಗ, ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಅಂಥವರು ರಾಷ್ಟ್ರಮಟ್ಟದ ಕ್ರೀಡಾಪಟುಗಳಾದರು. ಆದರೆ 1993ರಲ್ಲಿ ಆ ಯೋಜನೆಯೇ ನಿಂತುಹೋಯಿತು. ಹೆಗ್ಗೋಡಿನ ನೀನಾಸಮ್‌ನಲ್ಲಿ ಕಲಿತ ಪ್ರಶಾಂತ್ ಸಿದ್ದಿಯವರನ್ನು ನಾವೆಲ್ಲ ಸಿನಿಮಾದಲ್ಲಿ ನೋಡಿದ್ದೇವೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ಕರ್ನಾಟಕ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸದನದಲ್ಲಿ ಕೂತ ಮೊದಲ ಸಿದ್ದಿ ಅವರು.

ನಮ್ಮ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಮಾತ್ರ ಒಂದು ಕೌದಿ. ನಮ್ಮ ಅಜ್ಜಿಯರು ಹಳೆ ಸೀರೆ ಜೋಡಿಸಿ ಹೊಲಿಯುತ್ತಾರಲ್ಲ, ಹಾಗೆಯೇ ಸಿದ್ದಿ ಹೆಂಗಸರೂ ಹೊಲಿಯುತ್ತಾರೆ. ಅದಕ್ಕೆ ಅವರು ಕವಂದಿ ಎನ್ನುತ್ತಾರೆ. ನಾಲ್ಕೂ ಮೂಲೆಗೆ ಮಡಿಚಿದ ಬಟ್ಟೆಯ "ಫೂಲ್" ಇಡುತ್ತಾರೆ. ಅದಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಬೆತ್ತಲೆ. ಕ್ರೈಸ್ತ ಸಿದ್ದಿ ತಾಯಂದಿರ ಕವಂದಿಗಳಲ್ಲಿ ಶಿಲುಬೆಯೂ ಇರುತ್ತದೆ. 2011ರಲ್ಲಿ ಈ ಕವಂದಿಗಳು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಕಪ್ಪು ಜನರ ಚರಿತ್ರೆಗೆಂದೇ ಇರುವ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅಮೆರಿಕದ ಕಪ್ಪು ತಾಯಂದಿರೂ ಇಂಥದ್ದೇ ತುಂಡುಬಟ್ಟೆಯ ಹೊದಿಕೆಗಳಿಗೆ ಹೆಸರಾದವರು. ಯಲ್ಲಾಪುರದ ಕಾಡಿನ ಕೈಕೆಲಸ ಹಾರ್ಲೆಮ್‌ಗೆ ತಿಳಿದಿತ್ತು, ಪಕ್ಕದಲ್ಲೇ ಇರುವ ನಮಗೆ ತಿಳಿದಿರಲಿಲ್ಲ!

ಅದೇ ವರ್ಷ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಸಿದ್ದಿಗಳ ಡಿಎನ್ಎ ಅಧ್ಯಯನವನ್ನು ಪ್ರಕಟಿಸಿದರು. ಬಿಎಸ್ಸಿ ಓದಿದ ನಮಗೆ ಇದು ವಿಶೇಷ ಅನಿಸಿತು. ಅವರಲ್ಲಿ ಆಫ್ರಿಕನ್ ಮೂಲದ ಜೊತೆಗೆ ಭಾರತೀಯ ಮೂಲವೂ ಬೆರೆತಿದೆ ಎಂದು ಅದು ತೋರಿಸಿತು. ಅಂದರೆ "ನೀವು ಎಲ್ಲಿಯವರು?" ಎಂದು ಅವರನ್ನು ಕೇಳುವ ನಮಗೂ ಅವರಿಗೂ ರಕ್ತಸಂಬಂಧವೇ ಇದೆ. ಆದರೂ ಸ್ವಂತ ನಾಡಿನ ಬಸ್ಸಿನಲ್ಲಿ, ಸಂತೆಯಲ್ಲಿ ಅವರಿಗೆ ಆ ಪ್ರಶ್ನೆ ತಪ್ಪಿಲ್ಲ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ. ಧಾರವಾಡ, ಬೆಳಗಾವಿಯ ಸಿದ್ದಿಗಳು 2020ರವರೆಗೆ ಕಾದರು.

ಮಿತ್ರರೇ, ಫೆಬ್ರವರಿ 8 ಸಂತ ಜೋಸೆಫಿನ್ ಬಖಿತಾ ಅವರ ಹಬ್ಬ. ಸುಡಾನಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಗುಲಾಮಳಾಗಿ ಮಾರಾಟವಾದ ಆ ತಾಯಿಯನ್ನು 2000ದಲ್ಲಿ ಸಂತರ ಸಾಲಿಗೆ ಸೇರಿಸಲಾಯಿತು. ತಪಸ್ಸುಕಾಲದ ಶಿಲುಬೆಹಾದಿಯ ಐದನೇ ಸ್ಥಳದಲ್ಲಿ ಸಿರೇನಿನ ಸಿಮೋನ ಯೇಸುವಿನ ಶಿಲುಬೆಗೆ ಹೆಗಲು ಕೊಡುತ್ತಾನೆ. ಸಿರೇನ್ ಇದ್ದದ್ದು ಇಂದಿನ ಲಿಬಿಯಾದಲ್ಲಿ, ಅಂದರೆ ಆಫ್ರಿಕಾದಲ್ಲಿ. ಚಿಕ್ಕಂದಿನಿಂದ ಅಲ್ಲಿ ಮೊಣಕಾಲೂರುತ್ತಾ ಬಂದಿದ್ದೇವೆ, ಆದರೆ ಪ್ರಭುವಿನ ಭಾರ ಹೊತ್ತವನು ಆಫ್ರಿಕಾದಿಂದ ಬಂದವನು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಡ್ಯಾಮಿನ ಹತ್ತಿರ ನಕ್ಕಿದ್ದಕ್ಕೆ ನಮ್ಮ ಗೆಳೆಯನ ಕ್ಷಮೆ ಕೇಳಿದ್ದೇವೆ. "ಹೋಗ್ಲಿ ಬಿಡ್ರಲೇ" ಅಂದ. ಆದರೆ ಈ ಬಾರಿ ಶಿಲುಬೆಹಾದಿಯ ಐದನೇ ಸ್ಥಳದ ಪ್ರಾರ್ಥನೆ ಓದುವವನು ತಾನೇ ಎಂದು ಈಗಲೇ ಹೆಸರು ಕೊಟ್ಟಿದ್ದಾನೆ. ನೀವೆಲ್ಲರೂ ಬನ್ನಿ.