ರಾಕ್ಸೆಟ್ ಜೋಡಿಯ ಗೀತಸಂಪುಟಗಳು

ಸ್ವೀಡನ್ ದೇಶದ ಜನಸಂಖ್ಯೆ ಇಂದಿಗೂ ಒಂದು ಕೋಟಿಯ ಆಸುಪಾಸಿನದು. ಸ್ವೀಡಿಷ್ ಮಾತಾಡುವವರಿಗಿಂತ ಕನ್ನಡ ಮಾತಾಡುವವರು ಹಲವು ಪಟ್ಟು ಹೆಚ್ಚು. ಅಂಥ ಚಿಕ್ಕ ಭಾಷೆಯ ಇಬ್ಬರು ಇಂಗ್ಲಿಷಿನಲ್ಲಿ ಹಾಡಿ ಲೋಕಪ್ರಸಿದ್ಧರಾದರು. ಮನೆಯೊಳಗೊಂದು ನುಡಿ, ಹೊಸ್ತಿಲು ದಾಟಿದರೆ ಇನ್ನೊಂದು ನುಡಿ ಎಂದು ಬಾಳುವ ನಮ್ಮಂಥ ಹೊರನಾಡಿಗರಿಗೆ ಅವರ ಧ್ವನಿಮುದ್ರಿಕೆಗಳ ಇತಿಹಾಸ ಕುತೂಹಲದ್ದಾಗಿ ತೋರಿದರೆ ಆಶ್ಚರ್ಯವಿಲ್ಲ. 1990ರ ದಶಕದಲ್ಲಿ ನಮ್ಮ ಮಕ್ಕಳ ಕ್ಯಾಸೆಟ್ ಪೆಟ್ಟಿಗೆಗಳಲ್ಲಿ ರಾಕ್ಸೆಟ್ ಎಂಬ ಹೆಸರನ್ನು ಕಂಡ ಓದುಗರೂ ಇದ್ದಾರು.

ಜೋಡಿಯಲ್ಲಿ ಒಬ್ಬರು ಪೆರ್ ಗೆಸ್ಲೆ. ಪಶ್ಚಿಮ ಕರಾವಳಿಯ ಹಾಲ್ಮ್‌ಸ್ಟಾಡ್ ಪಟ್ಟಣದವರು, 1959ರಲ್ಲಿ ಜನಿಸಿದವರು. ಇನ್ನೊಬ್ಬರು ಮರೀ ಫ್ರೆಡ್ರಿಕ್ಸನ್, 1958ರಲ್ಲಿ ಹುಟ್ಟಿ ದಕ್ಷಿಣದ ಸ್ಕೋನೆ ಪ್ರಾಂತದ ಹಳ್ಳಿಯೊಂದರಲ್ಲಿ ಬೆಳೆದವರು. ಇಬ್ಬರೂ ಮೊದಲು ಹೆಸರು ಮಾಡಿದ್ದು ಸ್ವಂತ ಭಾಷೆಯಲ್ಲೇ. ಗೆಸ್ಲೆಯವರ ಹಳೆಯ ತಂಡದ ಹೆಸರಿನ ಅರ್ಥ 'ಸುವರ್ಣಕಾಲ'. ಆ ತಂಡ 1984ರಲ್ಲಿ ಇಂಗ್ಲಿಷಿಗೆ ಕೈಹಾಕಿತು. ಸುವರ್ಣಕಾಲ ಅಲ್ಲಿಗೇ ಮುಗಿಯಿತು! ಆದರೆ ಆ ಪ್ರಯತ್ನದ ಕೆಲವು ಹಾಡುಗಳು ಅಮೆರಿಕದಲ್ಲಿ 'ರಾಕ್ಸೆಟ್' ಎಂಬ ಹೆಸರಿನಡಿ ಹೊರಬಂದಿದ್ದವು. ಆ ಹೆಸರು ಮಾತ್ರ ಉಳಿಯಿತು.

1986ರಲ್ಲಿ ಗೆಸ್ಲೆ ತಮ್ಮದೊಂದು ಸ್ವೀಡಿಷ್ ಹಾಡನ್ನು ಇಂಗ್ಲಿಷಿಗೆ ತಿರುಗಿಸಿ ಮರೀಯವರೊಡನೆ ಹಾಡಿದರು. ಅದೇ 'ನೆವರ್‌ಎಂಡಿಂಗ್ ಲವ್'. ಅದೇ ವರ್ಷ ಬಂದ ಮೊದಲ ಸಂಪುಟ 'ಪರ್ಲ್ಸ್ ಆಫ್ ಪ್ಯಾಶನ್' ತವರಿನಲ್ಲಿ ಚೆನ್ನಾಗಿ ಮಾರಾಟವಾಯಿತು, ಹೊರಗೆ ಯಾರೂ ಕಿವಿಗೊಡಲಿಲ್ಲ. 1987ರಲ್ಲಿ ಜರ್ಮನಿಯ ಶಾಖೆಯವರು ಕ್ರಿಸ್‌ಮಸ್ ಹಾಡೊಂದು ಬೇಕೆಂದು ಕೇಳಿದರು, ಬರೆದುಕೊಟ್ಟ ಮೇಲೆ ಅದನ್ನು ಅಲ್ಲಿ ಬಿಡುಗಡೆಯನ್ನೇ ಮಾಡಲಿಲ್ಲ. ಆ ಹಾಡಿನ ಮುಂದಿನ ಕಥೆ ಸ್ವಲ್ಪ ತಡೆದು ಹೇಳುತ್ತೇವೆ.

1988ರ 'ಲುಕ್ ಶಾರ್ಪ್!' ಸಂಪುಟವನ್ನು ಅಮೆರಿಕದ ಕಂಪನಿ ತನ್ನಲ್ಲಿ ನಡೆಯದೆಂದು ಬದಿಗಿಟ್ಟಿತ್ತು. ಸ್ವೀಡನ್ನಿನಲ್ಲಿ ಓದಿ ಮರಳಿದ್ದ ಅಮೆರಿಕದ ವಿದ್ಯಾರ್ಥಿಯೊಬ್ಬ ತನ್ನ ಪ್ರತಿಯನ್ನು ಮಿನಿಯಾಪೊಲಿಸ್ ನಗರದ ರೇಡಿಯೋ ನಿಲಯಕ್ಕೆ ಕೊಟ್ಟ. ನಿಲಯದವರು 'ದಿ ಲುಕ್' ಹಾಡನ್ನು ಬಿತ್ತರಿಸಿದರು. ಕೇಳಿದವರು ಮತ್ತೆ ಮತ್ತೆ ಬೇಡಿದರು. ಬೇರೆ ನಿಲಯಗಳೂ ಅದನ್ನು ಎತ್ತಿಕೊಂಡವು. 1989ರ ಏಪ್ರಿಲಿನಲ್ಲಿ ಹಾಡು ಅಮೆರಿಕದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಕಂಪನಿಯ ಜಾಣ್ಮೆಗಿಂತ ಒಬ್ಬ ಹುಡುಗನ ಹಟವೇ ಮೇಲಾಯಿತೆಂದು ನಮ್ಮ ಅಭಿಪ್ರಾಯ. ಆ ಹಾಡಿನ ಮೊದಲ ಸಾಲುಗಳು ರಾಗಕ್ಕೆ ಆಸರೆಯಾಗಿ ತೋಚಿದಂತೆ ಗೀಚಿದವಂತೆ. ಬದಲಿಸಲು ಮನಸ್ಸಾಗದೆ ಹಾಗೆಯೇ ಉಳಿದವು.

ಅದೇ ವರ್ಷ 'ಲಿಸನ್ ಟು ಯುವರ್ ಹಾರ್ಟ್' ಕೂಡ ಮೊದಲ ಸ್ಥಾನಕ್ಕೆ ಬಂತು. ಇನ್ನು ಜರ್ಮನಿಯವರು ಬೇಡವೆಂದ ಕ್ರಿಸ್‌ಮಸ್ ಹಾಡು: 'ಪ್ರೆಟಿ ವುಮನ್' ಚಲನಚಿತ್ರಕ್ಕಾಗಿ ಹಾಡು ಕೇಳಿದಾಗ ಹೊಸತನ್ನು ಬರೆಯಲು ಸಮಯವಿರಲಿಲ್ಲ. ಕ್ರಿಸ್‌ಮಸ್ಸಿನ ಉಲ್ಲೇಖವನ್ನು ಅಳಿಸಿ ಹಳೆಯದನ್ನೇ ಕೊಟ್ಟರು. 'ಇಟ್ ಮಸ್ಟ್ ಹ್ಯಾವ್ ಬೀನ್ ಲವ್' 1990ರಲ್ಲಿ ಮೊದಲ ಸ್ಥಾನದಲ್ಲಿತ್ತು. 1991ರ 'ಜಾಯ್‌ರೈಡ್' ಸಂಪುಟದ ಶೀರ್ಷಿಕೆಯ ಹಾಡು ನಾಲ್ಕನೆಯದಾಯಿತು. ಪಿಯಾನೋದ ಮೇಲೆ ಗೆಸ್ಲೆಯವರ ಪ್ರೇಯಸಿ ಇಟ್ಟುಹೋದ ಸ್ವೀಡಿಷ್ ಚೀಟಿಯೊಂದರಿಂದ ಆ ಹಾಡಿನ ಒಂದು ಸಾಲು ಹುಟ್ಟಿತು. ಹಾಡು ಇಂಗ್ಲಿಷಿನದಾದರೂ ಬೇರು ಎಲ್ಲಿತ್ತೆಂಬುದು ಗಮನಾರ್ಹ.

1992ರ 'ಟೂರಿಸಂ' ನಮಗೆ ಎಲ್ಲಕ್ಕಿಂತ ಪ್ರಿಯವಾದುದು. ಲೋಕಸಂಚಾರದ ನಡುವೆ ಸ್ಟುಡಿಯೋ, ವೇದಿಕೆ, ಹೋಟೆಲ್ ಕೋಣೆಗಳಲ್ಲಿ ಸಿಕ್ಕ ಬಿಡುವಿನಲ್ಲಿ ಮುದ್ರಿಸಿದ ಹಾಡುಗಳು ಅವು. ನಯಗಾರಿಕೆ ಕಡಿಮೆ, ಜೀವ ಹೆಚ್ಚು. ಅದೇ ವರ್ಷ ಮರೀಯವರು ತಮ್ಮದೇ ಸ್ವೀಡಿಷ್ ಸಂಪುಟವೊಂದನ್ನು ತಂದರು. ಹೆಸರಿನ ಅರ್ಥ 'ನಿರಂತರ ಪಯಣ'. ಜಗತ್ತಿಗಾಗಿ ಇಂಗ್ಲಿಷ್, ಮನಸ್ಸಿನ ದಣಿವಿಗೆ ತಾಯಿನುಡಿ! ಪರಸ್ಥಳದಲ್ಲಿ ದುಡಿದು ಸಂಜೆ ಮನೆ ಸೇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

1994ರ 'ಕ್ರ್ಯಾಶ್! ಬೂಮ್! ಬ್ಯಾಂಗ್!' ಹೊತ್ತಿಗೆ ಅಮೆರಿಕದ ಉತ್ಸಾಹ ತಗ್ಗಿತ್ತು, ಯುರೋಪಿನದು ಉಳಿದಿತ್ತು. 1995ರಲ್ಲಿ ಅವರು ಬೀಜಿಂಗಿನಲ್ಲೂ ಹಾಡಿದರು. 1996ರಲ್ಲಿ ತಮ್ಮ ಹನ್ನೆರಡು ಹಾಡುಗಳನ್ನು ಸ್ಪ್ಯಾನಿಷ್ ಮಾತುಗಳಲ್ಲಿ ಹಾಡಿ ಒಂದು ಸಂಪುಟ ಮಾಡಿದರು. 1999ರ 'ಹ್ಯಾವ್ ಎ ನೈಸ್ ಡೇ', 2001ರ 'ರೂಮ್ ಸರ್ವಿಸ್' ಅಚ್ಚುಕಟ್ಟಾದವು, ಅಷ್ಟೇ.

2002ರ ಸೆಪ್ಟೆಂಬರಿನಲ್ಲಿ ಮರೀಯವರು ಮನೆಯಲ್ಲಿ ಕುಸಿದುಬಿದ್ದರು. ಮೆದುಳಿನಲ್ಲಿ ಗೆಡ್ಡೆಯಿದೆಯೆಂದು ವೈದ್ಯರು ಕಂಡುಹಿಡಿದರು. ಚಿಕಿತ್ಸೆಯಿಂದ ಪ್ರಾಣ ಉಳಿಯಿತು, ಒಂದು ಕಣ್ಣಿನ ದೃಷ್ಟಿ ಹೋಯಿತು, ಓದುವುದು ಎಣಿಸುವುದು ಕಷ್ಟವಾಯಿತು. ರಾಕ್ಸೆಟ್ ಮುಗಿಯಿತೆಂದೇ ಎಲ್ಲರೂ ಭಾವಿಸಿದರು. ಆದರೆ 2009ರಲ್ಲಿ ಅವರು ಗೆಸ್ಲೆಯವರೊಡನೆ ಮತ್ತೆ ವೇದಿಕೆಯೇರಿದರು. 2011ರಲ್ಲಿ 'ಚಾರ್ಮ್ ಸ್ಕೂಲ್', 2012ರಲ್ಲಿ 'ಟ್ರಾವೆಲಿಂಗ್' ಬಂದವು. ಕೊನೆಯ ಪ್ರವಾಸಗಳಲ್ಲಿ ಮರೀ ಕುಳಿತೇ ಹಾಡುತ್ತಿದ್ದರು. 2016ರ ಫೆಬ್ರವರಿಯಲ್ಲಿ ಕೇಪ್‌ಟೌನಿನಲ್ಲಿ ನಡೆದದ್ದೇ ಅವರ ಅಂತಿಮ ಕಚೇರಿ. ಮುಂದಿನ ಪ್ರವಾಸವನ್ನು ವೈದ್ಯರ ಮಾತಿನಂತೆ ಕೈಬಿಡಬೇಕಾಯಿತು. ಆ ಬೇಸಗೆಯಲ್ಲಿ ಹೊರಬಂದ ಸಂಪುಟಕ್ಕೆ ಇಟ್ಟ ಹೆಸರು 'ಗುಡ್ ಕರ್ಮ'. ನಮ್ಮಲ್ಲಿ 'ನನ್ನ ಕರ್ಮ' ಎಂದು ಹಣೆ ಚಚ್ಚಿಕೊಳ್ಳುವುದೇ ರೂಢಿ. ಆ ಪದ ಅಲ್ಲಿಗೆ ಹೋಗಿ ಶುಭಾರ್ಥ ಪಡೆದದ್ದನ್ನು ನೋಡಿ ನಾವು ನಕ್ಕೆವು, ಮರೀಯವರ ಸ್ಥಿತಿ ನೆನೆದು ಸುಮ್ಮನಾದೆವು.

2019ರ ಡಿಸೆಂಬರ್ 9ರಂದು ಮರೀ ತೀರಿಕೊಂಡರು. ಸಂಪುಟಗಳಲ್ಲಿ ಸೇರದೆ ಉಳಿದಿದ್ದ ಮುದ್ರಣಗಳನ್ನು ಗೆಸ್ಲೆ ಆಯ್ದು 2020ರಲ್ಲಿ 'ಬ್ಯಾಗ್ ಆಫ್ ಟ್ರಿಕ್ಸ್' ಎಂಬ ಹೆಸರಿನಲ್ಲಿ ಪ್ರಕಟಿಸಿದರು. 2022ರಲ್ಲಿ ತಾವೇ ಬರೆದ ಹೊಸ ಹಾಡುಗಳನ್ನು ಹೊರತಂದಾಗ, ಹಳೆಯ ಹೆಸರನ್ನು ಹಾಗೆಯೇ ಬಳಸದೆ, ಅದರ ಮುಂದೆ ತಮ್ಮ ಎರಡು ಮೊದಲಕ್ಷರಗಳನ್ನು ಸೇರಿಸಿ 'ಪಿ.ಜಿ. ರಾಕ್ಸೆಟ್' ಎಂದು ಬರೆದುಕೊಂಡರು.