ಪರದೆಬಂಧಕ ಕುತಂತ್ರಾಂಶ

ಗಣಕದ ಪರದೆಯನ್ನು ಆಕ್ರಮಿಸಿ, ಕೀಲಿಮಣೆಯನ್ನೂ ಮೌಸನ್ನೂ ನಿಷ್ಫಲಗೊಳಿಸಿ, ಬಿಡುಗಡೆಗೆ ಹಣ ಕೇಳುವ ದುಷ್ಟ ತಂತ್ರಾಂಶ. ಆಡುಮಾತಿನಲ್ಲಿ ‘ಸ್ಕ್ರೀನ್ ಲಾಕ್ ವೈರಸ್’ ಎನಿಸಿಕೊಂಡ ಇದು ಸುಲಿಗೆಯ ತಂತ್ರಾಂಶಗಳ ಒಂದು ಕವಲು. ಕಡತಗಳನ್ನೇ ಗೂಢಲಿಪಿಗೆ ತಿರುಗಿಸುವುದು ಮತ್ತೊಂದು ಕವಲು. ಈ ಎರಡರ ಭೇದವನ್ನು ರೋಣ, ನರಗುಂದ, ಗಜೇಂದ್ರಗಡಗಳ ಜೋಳದ ಸೀಮೆಯವರಿಗೆ ಹಗೇವಿನ ದೃಷ್ಟಾಂತದಿಂದ ಹೇಳಬಹುದು: ತಲೆಬಾಗಿಲಿಗೆ ಕಳ್ಳನು ಬೀಗ ಜಡಿದ ಮಾತ್ರಕ್ಕೆ ನೆಲದಡಿಯ ಹಗೇವಿನ ಕಾಳು ಕೆಡುವುದಿಲ್ಲ. ಪರದೆಬಂಧಕವು ಜಡಿಯುವುದು ತಲೆಬಾಗಿಲಿಗೆ ಮಾತ್ರ.

ಸುಲಿಗೆಯ ತಂತ್ರಾಂಶಗಳ ಆದಿಪುರುಷನೆನಿಸಿದ ‘ಏಡ್ಸ್ ಟ್ರೋಜನ್’ 1989ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಜೋಸೆಫ್ ಪಾಪ್ ಎಂಬ ಜೀವವಿಜ್ಞಾನಿ ಅಂಚೆಯ ಮೂಲಕ ಹಂಚಿದ ಸುಮಾರು 20,000 ಫ್ಲಾಪಿಗಳಲ್ಲಿ ಅಡಗಿದ್ದ ಅದು, ಗಣಕವನ್ನು ಸುಮಾರು 90 ಸಲ ಚಾಲೂ ಮಾಡಿದ ತರುವಾಯ ಎಚ್ಚತ್ತು, ಪನಾಮಾದ ಅಂಚೆಪೆಟ್ಟಿಗೆಯೊಂದಕ್ಕೆ 189 ಡಾಲರು ಕಳುಹಿಸೆಂದು ಬೇಡುತ್ತಿತ್ತು. ಆದರೆ ಅದು ಕೆಡಿಸುತ್ತಿದ್ದುದು ಕಡತಗಳ ಹೆಸರುಗಳನ್ನೇ ಹೊರತು ಒಳಗಿನ ಬರಹವನ್ನಲ್ಲವಾದ್ದರಿಂದ ಅದರ ಪರಿಹಾರವೂ ಬೇಗನೆ ದೊರೆಯಿತು. ಪರದೆಬಂಧಕಗಳ ಪೈಕಿ ರಷ್ಯದಲ್ಲಿ ಹಬ್ಬಿದ ‘ವಿನ್‌ಲಾಕ್’ ದುಬಾರಿ ಎಸ್‌ಎಂಎಸ್‌ಗಳ ಮೂಲಕ ಹಣ ಕೀಳುತ್ತಿತ್ತು. 2010ರಲ್ಲಿ ಮಾಸ್ಕೋದಲ್ಲಿ ಹಲವರು ಇದರ ಸಂಬಂಧವಾಗಿ ಬಂಧಿತರಾದರು. 2012ರಲ್ಲಿ ವ್ಯಾಪಕವಾದ ‘ರೆವೆಟನ್’ ಆಯಾ ದೇಶದ ಪೊಲೀಸರ ಲಾಂಛನವನ್ನೇ ಪರದೆಯ ಮೇಲೆ ಮೂಡಿಸಿ, ಅಪರಾಧಕ್ಕೆ ದಂಡ ತೆರಬೇಕೆಂದು ಬೆದರಿಸಿತು. ಲೋಕಾಪವಾದದ ಭಯವೇ ಇದರ ನಿಜವಾದ ಆಯುಧ. ಪರದೆಯ ಮೇಲೆ ದಂಡ ವಿಧಿಸಿ ಹಣ ವಸೂಲು ಮಾಡುವ ಪದ್ಧತಿ ಭಾರತದ ಯಾವ ಪೊಲೀಸರಿಗೂ ಇಲ್ಲ.

ವಿಂಡೋಸ್ ಗಣಕದಲ್ಲಿ ಇಂಥ ತಂತ್ರಾಂಶವು ಸಾಮಾನ್ಯವಾಗಿ ಸ್ಟಾರ್ಟ್‌ಅಪ್ ಫೋಲ್ಡರಿನಲ್ಲಾಗಲಿ, ರಿಜಿಸ್ಟ್ರಿಯ ‘ರನ್’ ಸ್ಥಾನದಲ್ಲಾಗಲಿ ನೆಲೆಯೂರುತ್ತದೆ, ಇಲ್ಲವೆ ‘ವಿನ್‌ಲಾಗನ್’ ವಿಭಾಗದ ‘ಶೆಲ್’ ಎಂಬಲ್ಲಿ ಎಕ್ಸ್‌ಪ್ಲೋರರಿನ ಹೆಸರನ್ನು ತೆಗೆದು ತನ್ನ ಹೆಸರನ್ನು ಬರೆದುಕೊಳ್ಳುತ್ತದೆ. ಇದಕ್ಕಿಂತ ಸೌಮ್ಯವಾದ ಬಗೆಯೊಂದುಂಟು: ಅದು ಕೇವಲ ಬ್ರೌಸರಿನ ಪುಟ, ಪರದೆಯನ್ನು ತುಂಬಿ ನಿಂತು ಫೋನ್ ಸಂಖ್ಯೆಯೊಂದಕ್ಕೆ ಕರೆ ಮಾಡೆನ್ನುತ್ತದೆ. ಕರೆ ಮಾಡಿದವರ ಗಣಕವನ್ನು ದೂರದಿಂದ ನಿಯಂತ್ರಿಸುವ ಆ್ಯಪ್ ಹಾಕಿಸಿ ಬ್ಯಾಂಕಿನ ಹಣಕ್ಕೇ ಕೈಹಾಕುವುದು ಈ ವಂಚಕರ ರೂಢಿ.

ಆದಕಾರಣ ಪುನರುದ್ಧಾರದ ಪ್ರಥಮ ನಿಯಮ ಹಣ ಕೊಡದಿರುವುದು, ಕರೆ ಮಾಡದಿರುವುದು. ಇಂಟರ್‌ನೆಟ್ ಸಂಪರ್ಕವನ್ನು ಕಡಿದು, ಪರದೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು, ಎಫ್11 ಅಥವಾ ಆಲ್ಟ್ ಮತ್ತು ಎಫ್4 ಕೀಲಿಗಳನ್ನು ಒತ್ತಿನೋಡಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಟಾಸ್ಕ್ ಮ್ಯಾನೇಜರ್ ತೆರೆದರೆ ಬ್ರೌಸರನ್ನು ಅಲ್ಲಿಯೇ ಮುಗಿಸಬಹುದು, ಆದರೆ ಮರಳಿ ತೆರೆಯುವಾಗ ಹಳೆಯ ಪುಟಗಳನ್ನು ಪುನಃಸ್ಥಾಪಿಸಕೂಡದು. ಇದಾವುದಕ್ಕೂ ಬೀಗ ಸಡಿಲದಿದ್ದರೆ ಹಿತ್ತಲ ಬಾಗಿಲಿಗೆ ಹೋಗಬೇಕು. ಅದೇ ಸೇಫ್ ಮೋಡ್. ವಿಂಡೋಸ್ 7ರಲ್ಲಿ ಆರಂಭಕ್ಕೆ ಎಫ್8 ಒತ್ತಿದರೂ, 10 ಮತ್ತು 11ರಲ್ಲಿ ಲಾಗಿನ್ ಪರದೆಯಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಮಾಡಿದರೂ ಅಲ್ಲಿಗೆ ದಾರಿಯುಂಟು. ಬಿಟ್‌ಲಾಕರ್ ರಕ್ಷಣೆಯಿರುವ ಗಣಕವಾದರೆ 48 ಅಂಕಿಗಳ ರಿಕವರಿ ಕೀ ಬೇಕಾಗಬಹುದು. ಒಳಹೊಕ್ಕ ಬಳಿಕ ಸಿಸ್ಟಮ್ ರಿಸ್ಟೋರ್ ಮೂಲಕ ಸೋಂಕಿನ ಹಿಂದಿನ ದಿನಕ್ಕೆ ಮರಳುವುದು, ಇಲ್ಲವೆ ಇನ್ನೊಂದು ಶುದ್ಧ ಗಣಕದಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವಿನಿಂದ ಗಣಕವನ್ನು ಆರಂಭಿಸಿ ಶೋಧಿಸುವುದು ವಿಹಿತ. ಲಿನಕ್ಸ್ ಪೆನ್‌ಡ್ರೈವಿನಿಂದ ಕಡತಗಳನ್ನು ಹೊರತೆಗೆದು ವಿಂಡೋಸನ್ನು ಹೊಸದಾಗಿ ಸ್ಥಾಪಿಸುವುದು ಅಂತಿಮೋಪಾಯ.

ಹೀಗೆ ಹೊಸದಾಗಿ ಸ್ಥಾಪಿಸಿದ ಗಣಕದಲ್ಲಿ ಕನ್ನಡಿಗರನ್ನು ವಿಶೇಷವಾಗಿ ಕಾಡುವ ಭ್ರಮೆಯೊಂದುಂಟು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬರೆದ ಪತ್ರಗಳು, ಆ ಫಾಂಟುಗಳಿಲ್ಲದಾಗ ಅರ್ಥಹೀನವಾದ ರೋಮನ್ ಚಿಹ್ನೆಗಳಾಗಿ ಕಾಣುವುದರಿಂದ, ಕಡತಗಳು ಗೂಢಲಿಪಿಗೆ ಬಿದ್ದುವೆಂದು ಬಗೆದು ಅಳಿಸಿಬಿಡುವ ಅಪಾಯವಿದೆ. ‘ನುಡಿ’ಯನ್ನು ಮರಳಿ ಸ್ಥಾಪಿಸಿದೊಡನೆ ಅಕ್ಷರಗಳು ಯಥಾಸ್ಥಿತಿಗೆ ಬರುತ್ತವೆ. ಕಡತಗಳ ಹೆಸರಿನ ಬಾಲ ಬದಲಾಗಿ, ಚಿತ್ರಗಳೂ ತೆರೆಯದಿದ್ದರೆ ಮಾತ್ರ ಅದು ಗೂಢಲಿಪೀಕರಣವೆಂದು ಶಂಕಿಸಬೇಕು. ಅಂಥ ಕೆಲವು ಬಗೆಗಳಿಗೆ ಯೂರೋಪೋಲ್ ಮೊದಲಾದವರು 2016ರಲ್ಲಿ ಆರಂಭಿಸಿದ ‘ನೋ ಮೋರ್ ರ್‍ಯಾನ್ಸಮ್’ ಯೋಜನೆಯಲ್ಲಿ ಉಚಿತ ಕೀಲಿಗಳಿವೆ.

ಗಣಕವನ್ನು ಹೀಗೆ ಕೆಡಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೆಯ ಕಲಮಿನ ಪ್ರಕಾರ ಮೂರು ವರ್ಷಗಳವರೆಗಿನ ಸೆರೆವಾಸ, ಐದು ಲಕ್ಷ ರೂಪಾಯಿಗಳವರೆಗಿನ ದಂಡ, ಅಥವಾ ಎರಡಕ್ಕೂ ಅರ್ಹವಾದ ಅಪರಾಧ. ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳವರು ಸಮೀಪದ ಠಾಣೆಯಲ್ಲಾಗಲಿ, ಜಿಲ್ಲಾಕೇಂದ್ರವಾದ ಗದಗಿನ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಾಗಲಿ ದೂರು ಕೊಡಬಹುದು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಗಣಕ ಶುದ್ಧವಾದ ಮೇಲೆ ಗುಪ್ತಪದಗಳನ್ನೆಲ್ಲ ಬದಲಿಸಬೇಕು. ಮುಖ್ಯ ಕಡತಗಳ ಪ್ರತಿಯೊಂದನ್ನು ಗಣಕಕ್ಕೆ ಸದಾ ಜೋಡಿಸಿರದ ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಂಡವನಿಗೆ ತಲೆಬಾಗಿಲ ಬೀಗ ಒಂದು ದಿನದ ತೊಂದರೆ ಮಾತ್ರ.